ಅನುಮೋದನೆಯೊಂದೇ ಸಾಲದು

ಮಾನ್ಯರೇ,

ವಿಪತ್ತಿನ ವೇಳೆ ದೇಶಗಳು ಪರಸ್ಪರ ದೂರಸಂಪರ್ಕ ನೆರವು ನೀಡಲು ರೂಪಿಸಿದ ಟ್ಯಾಂಪೆರೆ ಒಪ್ಪಂದ 1998ರಲ್ಲಿ ಫಿನ್ಲೆಂಡ್‌ನಲ್ಲಿ ಅಂಗೀಕಾರವಾಯಿತು. 30 ದೇಶಗಳು ಒಪ್ಪಿದ ಮೇಲೆ, 2005ರ ಜನವರಿ 8ರಂದು ಜಾರಿಗೆ ಬಂತು. ಹೊಸದಾಗಿ ಸೇರುವ ದೇಶ ಅನುಮೋದನಾ ಪತ್ರವನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಸಲ್ಲಿಸಿದ 30 ದಿನಗಳ ನಂತರ ಅದಕ್ಕೆ ಬದ್ಧವಾಗುತ್ತದೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆಯೇ. ಭೂಕಂಪಕ್ಕೆ ಮೊಬೈಲ್ ಟವರ್‌ಗಳು ಉರುಳಿವೆ, ಉಪಗ್ರಹ ಫೋನ್‌ಗಳು ವಿಮಾನ ನಿಲ್ದಾಣ ತಲುಪಿವೆ ಎಂದುಕೊಳ್ಳಿ. ಕಸ್ಟಮ್ಸ್ ಅಧಿಕಾರಿ ನೋಡುವುದು ತನ್ನ ದೇಶದ ಕಾಯ್ದೆಯನ್ನು. ಅದರಲ್ಲಿ ವಿನಾಯಿತಿ ಇಲ್ಲದಿದ್ದರೆ ಅವರು ಪೆಟ್ಟಿಗೆಗಳನ್ನು ತಡೆಯಲೇಬೇಕು. ಅದು ಅವರ ತಪ್ಪಲ್ಲ. ಆಮದು, ತರಂಗಾಂತರ ಬಳಕೆ, ಸಿಬ್ಬಂದಿಯ ಪ್ರವೇಶ ಇವುಗಳ ಅಡೆತಡೆಗಳನ್ನು ಸಾಧ್ಯವಾದಷ್ಟು ತಗ್ಗಿಸಬೇಕೆಂದು ಒಪ್ಪಂದದ 9ನೇ ವಿಧಿ ಹೇಳುತ್ತದೆ. ಹಾಗಾಗಿ ದೂರಸಂಪರ್ಕ ಕಾಯ್ದೆಯ ಜೊತೆಗೆ ಸುಂಕ ಮತ್ತು ವೀಸಾ ನಿಯಮಗಳಿಗೂ ತಿದ್ದುಪಡಿ ಬೇಕು. ಒಂದನ್ನು ಬಿಟ್ಟರೂ ನೆರವು ಅಲ್ಲೇ ಸಿಕ್ಕಿಬೀಳುತ್ತದೆ.

ತಾತ್ಕಾಲಿಕ ಪರವಾನಗಿಯ ಅರ್ಜಿ ನಮೂನೆ, ಬಳಸಬಹುದಾದ ತರಂಗಾಂತರಗಳ ಪಟ್ಟಿ, ಕೆಲಸ ಮುಗಿದ ಮೇಲೆ ಉಪಕರಣ ಹಿಂದಿರುಗಿಸುವ ವಿಧಾನ ಮೊದಲೇ ಸಿದ್ಧವಿರಬೇಕು. ಹಗಲು ರಾತ್ರಿ ಫೋನ್ ಎತ್ತುವ ಒಂದು ಕಚೇರಿಯನ್ನೂ ಗೊತ್ತುಮಾಡಬೇಕು.

ಸಾರ್ವಭೌಮತೆಗೆ ಧಕ್ಕೆ ಎಂಬ ಆತಂಕಕ್ಕೆ ಇಲ್ಲಿ ಆಧಾರವಿಲ್ಲ. ಸಂತ್ರಸ್ತ ದೇಶ ಕೇಳದೆ ನೆರವು ಬರುವಂತಿಲ್ಲ; ತನ್ನ ನೆಲದಲ್ಲಿ ಅದನ್ನು ನಿರ್ದೇಶಿಸುವ, ನಿಯಂತ್ರಿಸುವ ಹಕ್ಕು ಆ ದೇಶದ್ದೇ. ಈ ಕಾರಣ ಹೇಳಿ ತಿದ್ದುಪಡಿ ಮಸೂದೆಗಳನ್ನು ಮುಂದೂಡಬಾರದು.

— ಓದುಗ