ಸುಳ್ಳು ಸಾಮರ್ಥ್ಯದ ಪೆನ್ ಡ್ರೈವ್‌ಗಳ ಮಾರಾಟ ತಡೆಯಿರಿ

ಮಾನ್ಯ ಸಂಪಾದಕರೇ,

ಎರಡು ಟಿಬಿ (ಅಂದರೆ ಎರಡು ಸಾವಿರ ಜಿಬಿ) ಸಾಮರ್ಥ್ಯದ ಪೆನ್ ಡ್ರೈವ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆಂಬ ಜಾಹೀರಾತುಗಳು ಆನ್‌ಲೈನ್ ಮಾರಾಟ ತಾಣಗಳಲ್ಲಿಯೂ ಸಾಮಾಜಿಕ ಜಾಲತಾಣಗಳಲ್ಲಿಯೂ ಎಡೆಬಿಡದೆ ಕಾಣಿಸಿಕೊಳ್ಳುತ್ತಿವೆ. ಅಷ್ಟು ಸಾಮರ್ಥ್ಯದ ಅಸಲಿ ಸಾಧನಕ್ಕೆ ಹಲವು ಸಾವಿರ ರೂಪಾಯಿ ತೆರಬೇಕು. ಊರಿನಲ್ಲಿ ಡಿಟಿಪಿ ಕೇಂದ್ರ ನಡೆಸುತ್ತಿರುವ ನನ್ನ ಬಳಿಗೆ ಪಿಎಚ್.ಡಿ. ಪ್ರಬಂಧವನ್ನೋ ಮದುವೆಯ ವಿಡಿಯೊವನ್ನೋ ಇಂಥ ಡ್ರೈವ್‌ನಲ್ಲಿ ಇಟ್ಟುಕೊಂಡು ಬರುವವರು, ಫೈಲಿನ ಹೆಸರು ಕಾಣುತ್ತಿದ್ದರೂ ತೆರೆಯುತ್ತಿಲ್ಲವೆಂದು ಕಂಗಾಲಾಗುವುದನ್ನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ವಂಚನೆ ನಡೆಯುವ ಬಗೆಯನ್ನು ಎಲ್ಲರೂ ತಿಳಿದಿರಬೇಕು. ಪ್ರತಿ ಪೆನ್ ಡ್ರೈವ್‌ನೊಳಗೆ ಮಾಹಿತಿ ಉಳಿಸುವ ಫ್ಲ್ಯಾಶ್ ಚಿಪ್ ಇರುತ್ತದೆ, ಅದನ್ನು ನಿಯಂತ್ರಿಸುವ ಕಂಟ್ರೋಲರ್ ಇರುತ್ತದೆ. ತನ್ನ ಸಾಮರ್ಥ್ಯ ಇಷ್ಟು ಎಂದು ಕಂಪ್ಯೂಟರ್‌ಗೆ ಹೇಳುವುದು ಈ ಕಂಟ್ರೋಲರ್. ನಕಲಿ ತಯಾರಕರು ಅದರ ತಂತ್ರಾಂಶವನ್ನು ತಿದ್ದಿ, 32 ಜಿಬಿ ಚಿಪ್ಪನ್ನು 2 ಟಿಬಿ ಎಂದು ಹೇಳಿಸುತ್ತಾರೆ. ತಳದಲ್ಲಿ ಹಲಗೆ ಕೂರಿಸಿದ ಸೇರಿನಂತೆ, ಹೊರಗಿನಿಂದ ನೋಡಿದರೆ ಅಳತೆ ಸರಿಯಾಗಿಯೇ ಇರುತ್ತದೆ. ಮೊದಲ 32 ಜಿಬಿ ತುಂಬುವವರೆಗೆ ಯಾವ ತೊಂದರೆಯೂ ಗೋಚರಿಸುವುದಿಲ್ಲ. ಅನಂತರ ಬರೆದದ್ದು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಇಲ್ಲವೇ ಎಲ್ಲಿಯೂ ಉಳಿಯದೆ ಹೋಗುತ್ತದೆ. ಫೈಲ್‌ಗಳ ಹೆಸರುಗಳ ಪಟ್ಟಿ ಸಾಮಾನ್ಯವಾಗಿ ಚಿಪ್ಪಿನ ಆರಂಭದ ಭಾಗದಲ್ಲಿ ಉಳಿದುಕೊಂಡಿರುವುದರಿಂದ ಎಲ್ಲವೂ ಭದ್ರವಾಗಿದೆಯೆಂದೇ ತೋರುತ್ತದೆ. ಮಾಲೀಕನಿಗೆ ನಷ್ಟ ತಿಳಿಯುವ ಹೊತ್ತಿಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಿ ಮರುಬಳಕೆ ಮಾಡಿಯಾಗಿರುತ್ತದೆ, ಮೂಲ ಪ್ರತಿಯೂ ಇರುವುದಿಲ್ಲ.

ಆದುದರಿಂದ ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ವೇಗವಲ್ಲ, ಸಾಮರ್ಥ್ಯದ ನಿಜ. ಬಹುಪಾಲು ಮನೆಗಳಿಗೂ ವಿದ್ಯಾರ್ಥಿಗಳಿಗೂ 32 ಅಥವಾ 64 ಜಿಬಿ ಸಾಕಷ್ಟಾಗುತ್ತದೆ. ಸ್ಯಾನ್‌ಡಿಸ್ಕ್, ಕಿಂಗ್‌ಸ್ಟನ್, ಟ್ರಾನ್ಸೆಂಡ್‌ನಂತಹ ಹೆಸರಾಂತ ಸಂಸ್ಥೆಗಳ ಈ ಗಾತ್ರದ ಡ್ರೈವ್‌ಗಳು ಸಾಧಾರಣ ಬೆಲೆಗೇ ದೊರೆಯುತ್ತವೆ, ಹಲವು ವರ್ಷಗಳ ವಾರಂಟಿಯೂ ಇರುತ್ತದೆ. ಆದರೆ ಹೆಸರಾಂತ ಸಂಸ್ಥೆಗಳ ಹೆಸರಿನಲ್ಲಿಯೇ ನಕಲಿ ಮಾಲು ಬರುವುದರಿಂದ ಹೆಸರೊಂದನ್ನೇ ನಂಬಿ ಕೊಳ್ಳುವುದು ಸಾಲದು. ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಇವೆಯೇ ಎಂದು ನೋಡಿ, ಜಿಎಸ್‌ಟಿ ಬಿಲ್ ಪಡೆಯಬೇಕು. ಬಿಲ್ ಕೊಡಲೊಪ್ಪದ ಅಂಗಡಿಯಲ್ಲಿ ಉಳಿಸುವ ಐವತ್ತು ರೂಪಾಯಿ ಮುಂದೆ ದುಬಾರಿಯಾಗುತ್ತದೆ.

ಮನೆಗೆ ತಂದ ಮೇಲೆ ಮುಖ್ಯವಾದದ್ದೇನನ್ನೂ ಹಾಕುವ ಮೊದಲು ಡ್ರೈವ್‌ನ್ನು ಪೂರ್ತಿ ತುಂಬಿಸಿ ಪರೀಕ್ಷಿಸಬೇಕು. ವಿಂಡೋಸ್‌ಗೆ ಎಚ್‌2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್‌3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಖಾಲಿ ಡ್ರೈವ್‌ನ ತುಂಬ ಮಾಹಿತಿ ಬರೆದು, ಅದನ್ನೇ ಮರಳಿ ಓದಿ, ಬರೆದದ್ದೂ ಓದಿದ್ದೂ ತಾಳೆಯಾಗುತ್ತವೆಯೇ ಎಂದು ತಿಳಿಸುತ್ತವೆ. ಸೆಕೆಂಡಿಗೆ 10 ಎಂಬಿ ವೇಗದಲ್ಲಿ ಬರೆಯುವ 64 ಜಿಬಿ ಡ್ರೈವ್ ತುಂಬಲು ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ, ಓದಲು ಇನ್ನೊಂದಷ್ಟು ಸಮಯ ಬೇಕು. ಕಂಪ್ಯೂಟರ್‌ಗೆ ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಬಹುದಾದ್ದರಿಂದ ಇದು ದೊಡ್ಡ ಶ್ರಮವೇನೂ ಅಲ್ಲ. ಇಲ್ಲೊಂದು ತಪ್ಪುಗ್ರಹಿಕೆಯನ್ನೂ ನಿವಾರಿಸಬೇಕು: 64 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 59 ಜಿಬಿ ಚಿಲ್ಲರೆ ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಆ ವ್ಯತ್ಯಾಸ ಬರುತ್ತದೆ.

ವೇಗದ ವಿಚಾರಕ್ಕೆ ಬಂದರೆ, ಪೊಟ್ಟಣದ ಮೇಲೆ ದೊಡ್ಡದಾಗಿ ಮುದ್ರಿಸುವುದು ಸಾಮಾನ್ಯವಾಗಿ ಓದುವ ವೇಗವನ್ನು ಮಾತ್ರ. ಡ್ರೈವ್‌ನ್ನು ಕಂಪ್ಯೂಟರ್‌ಗೆ ಜೋಡಿಸುವ ಮಾನದಂಡವೇ ಯುಎಸ್‌ಬಿ; ಯುಎಸ್‌ಬಿ 3.2 ಜೆನ್ 1 ಎಂದರೆ 2008ರಲ್ಲಿ ಬಂದ ಯುಎಸ್‌ಬಿ 3.0ರ ಹೊಸ ಹೆಸರಷ್ಟೆ, ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಮುದ್ರಣಕ್ಕೆ ಕೆಲವು ಪುಟ ಒಯ್ಯುವವರಿಗೆ ಅದಕ್ಕಿಂತ ಹಳೆಯ, ನಿಧಾನದ ಯುಎಸ್‌ಬಿ 2.0 ಸಾಕು, ವಿಡಿಯೊ ಸಾಗಿಸುವವರು 3.0 ಕೊಳ್ಳುವುದು ಒಳಿತು. ಒಂದು ಮಾತು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ. ಫ್ಲ್ಯಾಶ್ ಚಿಪ್ ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತದೆ, ಬಳಸದೆ ವರ್ಷಗಟ್ಟಲೆ ಬಿಟ್ಟರೆ ಆ ಆವೇಶ ಸೋರಿಹೋಗಬಹುದು. ಪೆನ್ ಡ್ರೈವ್ ಇರುವುದು ಸಾಗಿಸಲಿಕ್ಕೆ. ಮದುವೆಯ ಚಿತ್ರಗಳ ಅಥವಾ ಸಂಶೋಧನೆಯ ಏಕೈಕ ಪ್ರತಿಯನ್ನು, ಡ್ರೈವ್ ಎಷ್ಟೇ ಅಸಲಿಯಾಗಿರಲಿ, ಅದರಲ್ಲಿ ಇಡಬಾರದು.

ಎಚ್ಚರ ವಹಿಸುವ ಹೊಣೆಯನ್ನೆಲ್ಲ ಗ್ರಾಹಕರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಸರಕಿನ ಗುಣಮಟ್ಟದ ಬಗೆಗೂ ಪ್ರಮಾಣದ ಬಗೆಗೂ ಸುಳ್ಳು ಹೇಳಿ ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿಗೇ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪರೀಕ್ಷೆಯ ಫಲಿತಾಂಶದ ಚಿತ್ರವನ್ನೂ ಬಿಲ್ಲನ್ನೂ ಇಟ್ಟುಕೊಂಡು ಮೊದಲು ಅವರಿಗೆ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ನೂರಿನ್ನೂರು ರೂಪಾಯಿಗಾಗಿ ಯಾರು ಅಲೆಯುತ್ತಾರೆಂದು ಜನ ಸುಮ್ಮನಾಗುವುದೇ ಈ ವಂಚಕರಿಗೆ ಬಲವಾಗಿದೆ.

ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯು ತಕ್ಕಡಿ, ಪೆಟ್ರೋಲ್ ಪಂಪುಗಳನ್ನು ತಪಾಸಣೆ ಮಾಡುವುದರ ಜೊತೆಗೆ ಪೊಟ್ಟಣಗಳ ಮೇಲಿನ ಕಡ್ಡಾಯ ವಿವರಗಳನ್ನೂ ಪರಿಶೀಲಿಸುತ್ತದೆ. ಆಮದುದಾರರ ಹೆಸರಾಗಲಿ ತಯಾರಾದ ದೇಶದ ಉಲ್ಲೇಖವಾಗಲಿ ಇಲ್ಲದ ಪೆನ್ ಡ್ರೈವ್ ಪೊಟ್ಟಣಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಸಗಟು ಮಾರುಕಟ್ಟೆಗಳಲ್ಲಿಯೂ ಜಿಲ್ಲಾ ಕೇಂದ್ರಗಳ ಮೊಬೈಲ್ ಅಂಗಡಿಗಳಲ್ಲಿಯೂ ಇವೆಯೇ ಎಂದು ಇಲಾಖೆ ತಪಾಸಣೆ ನಡೆಸಿ, ಸಿಕ್ಕವನ್ನು ವಶಪಡಿಸಿಕೊಳ್ಳಲಿ. ಸಾಮರ್ಥ್ಯದ ಸುಳ್ಳು ಕಂಡುಬಂದ ಪ್ರಕರಣಗಳನ್ನು ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕಳುಹಿಸಿ, ಅಂಥ ಸರಕನ್ನು ಮಾರುತ್ತಿರುವ ತಾಣಗಳಿಂದ ಅದನ್ನು ತೆಗೆಸಲು ರಾಜ್ಯ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಕೇಂದ್ರದ ಮಾಲೀಕ, ದಾವಣಗೆರೆ