ಫಾತೋರ್ಡಾದಲ್ಲಿ ಮತ್ತೆ 2-1

ವಾಸ್ಕೋ, ಆಗಸ್ಟ್ 2025

ಪ್ರೀತಿಯ ಗೆಳೆಯ,

ಫುಟ್‌ಬಾಲ್‌ನಲ್ಲಿ ನಮ್ಮ ಎಫ್‌ಸಿ ಗೋವಾದ ಒಂದು ಗೋಲಿನ ಅಂತರದ ಗೆಲುವಿಗೆ ಇಷ್ಟೊಂದು ಸಂಭ್ರಮ ಏಕೆ ಎಂದು ಕೇಳಿದ್ದೀಯ. ಬೆಂಗಳೂರು ಎಫ್‌ಸಿಯನ್ನು ಇಷ್ಟು ವರ್ಷ ಹಿಂಬಾಲಿಸಿದ ನಿನಗೆ ಉತ್ತರ ಗೊತ್ತಿರಲೇಬೇಕು. ಕಳೆದ ಏಪ್ರಿಲ್ 6ರಂದು ಮಡಗಾಂವ್‌ನ ಇದೇ ಫಾತೋರ್ಡಾ ಕ್ರೀಡಾಂಗಣದಲ್ಲಿ ಎಫ್‌ಸಿ ಗೋವಾ ನಿಮ್ಮನ್ನು 2-1ರಿಂದ ಸೋಲಿಸಿತು. ಆದರೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗೆ ಹೋದವರು ನೀವು. ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಕಂಠೀರವದಲ್ಲಿ 2-0ಯಿಂದ ಸೋತು ಬಂದಿದ್ದ ನಮ್ಮ ಹುಡುಗರು ಇಲ್ಲಿ ಆ ಸಾಲವನ್ನು ಪೂರ್ತಿ ತೀರಿಸಿದ್ದರು. ವಿರಾಮದ ನಂತರ ಬೋರ್ಹಾ ಹೆರೆರಾ ಒಂದು ಗೋಲು, ಕೊನೆಯ ಗಳಿಗೆಯಲ್ಲಿ ಸಾದಿಕು ಇನ್ನೊಂದು. ಹೆಚ್ಚುವರಿ ಸಮಯದ ಅರ್ಧ ಗಂಟೆಗೆ ನಾವೆಲ್ಲ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವಾಗಲೇ, ಇಂಜುರಿ ಟೈಮ್‌ನಲ್ಲಿ, ನಿಮ್ಮ ಸುನಿಲ್ ಛೆಟ್ರಿ ಗೋಲು ಹೊಡೆದು ಎರಡೂ ಪಂದ್ಯಗಳ ಒಟ್ಟು ಲೆಕ್ಕವನ್ನು ನಿಮ್ಮ ಕಡೆ ತಿರುಗಿಸಿಬಿಟ್ಟ. ನಲವತ್ತರ ವಯಸ್ಸಿನಲ್ಲಿ! ಪಂದ್ಯ ಗೆದ್ದೂ ತಲೆ ತಗ್ಗಿಸಿಕೊಂಡು ಕ್ರೀಡಾಂಗಣದಿಂದ ಹೊರಬೀಳುವುದು ಎಂಥ ನೋವು ಎಂಬುದು ಅಂದು ಅಲ್ಲಿದ್ದವರಿಗಷ್ಟೇ ಗೊತ್ತು.

ಈಗ ಆಗಸ್ಟ್ 13ರ ಬುಧವಾರಕ್ಕೆ ಬರುತ್ತೇನೆ. ಎದುರಾಳಿ ಒಮಾನ್‌ನ ಅಲ್ ಸೀಬ್. 2022ರಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಎಎಫ್‌ಸಿ ಕಪ್ ಗೆದ್ದ ತಂಡ ಅದು. ನಮ್ಮ ಮುಂದಿದ್ದುದು ಒಂದೇ ಪಂದ್ಯ: ಗೆದ್ದರೆ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾದ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಟೂ ಗುಂಪು ಹಂತ, ಸೋತರೆ ಮನೆ. ಮೊದಲಾರ್ಧದಲ್ಲಿ ದೆಯಾನ್ ದ್ರಾಜಿಚ್ ಮುನ್ನಡೆ ತಂದುಕೊಟ್ಟ. ವಿರಾಮ ಮುಗಿದು ಹೆಚ್ಚು ಹೊತ್ತಾಗಿರಲಿಲ್ಲ, ಹಾವಿಯರ್ ಸಿವೇರಿಯೋ ಅದನ್ನು ಇಮ್ಮಡಿಗೊಳಿಸಿದ. ಕಳೆದ ಋತುವಿನಲ್ಲಿ ಇದೇ ಸಿವೇರಿಯೋ ಜೆಮ್‌ಶೆಡ್‌ಪುರದಲ್ಲಿದ್ದವನು. ಮೇ ತಿಂಗಳಲ್ಲಿ ಆ ಜೆಮ್‌ಶೆಡ್‌ಪುರವನ್ನೇ 3-0ಯಿಂದ ಸೋಲಿಸಿ ನಾವು ಸೂಪರ್ ಕಪ್ ಗೆದ್ದದ್ದು, ಆ ಕಪ್‌ನಿಂದಾಗಿಯೇ ಏಷ್ಯಾದ ಈ ಬಾಗಿಲಿನವರೆಗೆ ಬಂದದ್ದು.

2-0 ಆದಾಗ ನಾನು ನಿರಾಳವಾಗಿ ಕುಳಿತೆ. ಆ ನೆಮ್ಮದಿ ಹತ್ತು ನಿಮಿಷವೂ ಉಳಿಯಲಿಲ್ಲ. ನಾಸಿರ್ ಅಲ್ ರವಾಹಿ ಒಂದನ್ನು ಹಿಂತಿರುಗಿಸಿದ. ಫಲಕದ ಮೇಲೆ ಮತ್ತೆ 2-1, ಅದೇ ಮೈದಾನ, ಇನ್ನೂ ಸುಮಾರು ಅರ್ಧ ಗಂಟೆಯ ಆಟ ಬಾಕಿ. ನನ್ನ ಸುತ್ತಲಿನ ಸಾಲುಗಳಲ್ಲಿ ಯಾರೂ ಏಪ್ರಿಲ್ ತಿಂಗಳಿನ ಮಾತೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಅಲ್ ಸೀಬ್‌ನವರಿಗೆ ಕಾರ್ನರ್ ಸಿಕ್ಕಾಗಲೆಲ್ಲ ಇಡೀ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಪಕ್ಕದಲ್ಲಿ ವಾಸ್ಕೋದ ಬಾಯ್ನಾ ಬಡಾವಣೆಯ ಇಬ್ಬರು ಹುಡುಗರಿದ್ದರು. ತಂದೆತಾಯಿ ಬಾಗಲಕೋಟೆ ಕಡೆಯವರು, ಇವರು ಹುಟ್ಟಿ ಬೆಳೆದದ್ದು ಇಲ್ಲೇ. ಆಟಗಾರರಿಗೆ ಕೊಂಕಣಿಯಲ್ಲಿ ಕೂಗು, ದೇವರಿಗೆ ಕನ್ನಡದಲ್ಲಿ ಬೇಡಿಕೆ. ಕೊನೆಯ ಸೀಟಿ ಊದಿದಾಗ ಚಿಕ್ಕವನು ನನ್ನನ್ನು ಅಪ್ಪಿಕೊಂಡು ಅತ್ತ. ಹೆಸರು ಸಹ ಕೇಳಿರಲಿಲ್ಲ ನಾನು.

ನೀನು ಕೇಳುವ 4-0, 5-0 ಗೆಲುವುಗಳನ್ನೂ ಈ ತಂಡ ನನಗೆ ಕೊಟ್ಟಿದೆ. ಅವುಗಳ ಬಗ್ಗೆ ಯಾರಿಗೂ ಪತ್ರ ಬರೆಯಬೇಕೆನಿಸಿರಲಿಲ್ಲ. ಆರಾಮಾಗಿ ಗೆದ್ದಾಗ ಆಡುವವರು ಹನ್ನೊಂದು ಮಂದಿ, ನಾವು ಪ್ರೇಕ್ಷಕರು. ಒಂದೇ ಗೋಲಿನ ಮುನ್ನಡೆಯನ್ನು ಅರ್ಧ ಗಂಟೆ ಕಾಯುವಾಗ ಮಾತ್ರ ನಮ್ಮ ಗಂಟಲಿಗೂ ಕೆಲಸವಿರುತ್ತದೆ.

ಇನ್ನೊಂದು ಸಂಗತಿಯನ್ನು ನಿನ್ನ ಪತ್ರಿಕೆಗಳು ಬರೆದಿರಲಾರವು. 2021ರಲ್ಲಿ ಎಫ್‌ಸಿ ಗೋವಾ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. ಪಂದ್ಯಗಳು ನಡೆದದ್ದು ಇದೇ ಫಾತೋರ್ಡಾದಲ್ಲಿ. ಆದರೆ ಕೊರೊನಾ ಕಾಲ, ಗೇಟುಗಳಿಗೆ ಬೀಗ. ನಮ್ಮೂರಿನ ಮೈದಾನಕ್ಕೆ ಏಷ್ಯಾ ಬಂದಾಗ ನಾವು ಮನೆಯ ಟಿವಿಯ ಮುಂದೆ ಕುಳಿತಿದ್ದೆವು. ಕತಾರ್‌ನ ಅಲ್ ರಯ್ಯಾನ್ ವಿರುದ್ಧ 0-0 ಸಾಧಿಸಿದಾಗ ಚಪ್ಪಾಳೆ ತಟ್ಟಲು ಅಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಕುರ್ಚಿಗಳ ಚಿತ್ರ ನಾಲ್ಕು ವರ್ಷ ನನ್ನನ್ನು ಕಾಡಿತ್ತು. ಈ ಬುಧವಾರ ಕಿತ್ತಳೆ ಅಂಗಿಯ ನಮ್ಮ ಅಭಿಮಾನಿಗಳು ಅವೇ ಕುರ್ಚಿಗಳಲ್ಲಿದ್ದರು. ಐಎಸ್‌ಎಲ್ ಮುಂದಿನ ಋತು ನಡೆಯುತ್ತದೋ ಇಲ್ಲವೋ ಎಂಬುದೇ ಖಚಿತವಿಲ್ಲದ ಈ ದಿನಗಳಲ್ಲಿ, ತಮ್ಮ ಕೆಲಸದ ಭರವಸೆಯೇ ಅಲ್ಲಾಡುತ್ತಿರುವಾಗ ಈ ಆಟಗಾರರು ಹೀಗೆ ಆಡಿದರು. ಅದನ್ನು ಮರೆಯಬೇಡ.

ತಕರಾರು ಇಲ್ಲವೆಂದಲ್ಲ. ಎರಡನೇ ಗೋಲಿನ ಬೆನ್ನಿಗೇ ಹಿಡಿತ ಸಡಿಲಿಸುವ ಚಾಳಿ ನಮ್ಮ ತಂಡಕ್ಕಿದೆ. ಏಪ್ರಿಲ್‌ನಲ್ಲಿ ಸಾದಿಕು ಹೊಡೆದ ಮೇಲೆ ಆದದ್ದೂ ಅದೇ. ಕೋಚ್ ಮನೋಲೊ ಮಾರ್ಕೆಸ್ ಇದನ್ನು ತಿದ್ದಲೇಬೇಕು. ಮುಂದೆ ಬರುವವರು ಇಷ್ಟು ಉದಾರಿಗಳಲ್ಲ.

ಗುಂಪುಗಳ ಡ್ರಾ ಆದ ದಿನದಿಂದ ಇಲ್ಲಿ ವಾಸ್ಕೋದ ಮೀನು ಮಾರುಕಟ್ಟೆಯಲ್ಲೂ ನಮ್ಮ ಗುಂಪಿಗೇ ಬಂದಿರುವ ಸೌದಿಯ ಅಲ್ ನಸ್ರ್ ಮತ್ತು ಅದರ ಆಟಗಾರ ರೊನಾಲ್ಡೊ ವಿಷಯವೇ. ನೀನು ಕೂಡ ಆ ಒಂದು ಪಂದ್ಯದ ಟಿಕೆಟ್ ಕೇಳಿದ್ದೀಯ. ಸಿಕ್ಕರೆ ಖಂಡಿತ ಕೊಳ್ಳುತ್ತೇನೆ. ಆದರೆ ಇರಾಕಿನ ಅಲ್ ಜವ್ರಾ, ತಜಿಕಿಸ್ತಾನದ ಇಸ್ತಿಕ್ಲೋಲ್ ಇಲ್ಲಿಗೆ ಬಂದಾಗಲೂ ನೀನು ಬರಬೇಕು. ನಾವು ಅಂಕ ಗಳಿಸಬೇಕಾದದ್ದು ಅವರಿಂದಲೇ. ಯಶವಂತಪುರದಲ್ಲಿ ವಾಸ್ಕೋ ರೈಲು ಹತ್ತಿದರೆ ಮಡಗಾಂವ್‌ನಲ್ಲಿ ಇಳಿದುಬಿಡು, ಅಲ್ಲಿಂದ ಫಾತೋರ್ಡಾ ದೂರವಲ್ಲ. ರಜೆ ಈಗಲೇ ಕೇಳಿಟ್ಟುಕೋ.

ನಿನ್ನ,
ವಾಸ್ಕೋದ ಗೆಳೆಯ