ಕೆಂಪು ಇಂಕಿನ ನೂರು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಪರೀಕ್ಷೆ, ಹಾಸ್ಟೆಲ್ ಸಂಗತಿಯೆಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಅದು ಬಿಡು. ಕೊನೆಯಲ್ಲಿ, ಅಂಚಿಗೆ ಒತ್ತಿಕೊಂಡು ಒಂದು ಸಾಲು ಬರೆದಿದ್ದೀಯಲ್ಲ, "ನಾನು ಬೆಳೆದ ರೀತಿಯೇ ನನ್ನ ಪಾಠದೊಳಗೂ ಬಂದುಬಿಟ್ಟರೆ, ದೊಡ್ಡಪ್ಪ?" ಅಂತ. ಎರಡು ದಿನದಿಂದ ಅದೇ ಕೊರೆಯುತ್ತಿದೆ.

ಸಿದ್ಧಾಂತ ಸಾಬೀತಾದರೆ ನಿಯಮವಾಗುತ್ತದೆ ಅಂತ ತರಗತಿಯಲ್ಲಿ ನೀನು ಹೇಳಿದ್ದು ತಪ್ಪು, ನಿಜ. ಆದರೆ ನಿನ್ನ ಹಾಗೆ ವಿಜ್ಞಾನದ ಟೀಚರ್ ಆಗಲು ಹೊರಟವರಲ್ಲಿ ಎಷ್ಟೋ ಜನ ಹಾಗೇ ಹೇಳುತ್ತಾರೆ, ಬೇರೆ ಬೇರೆ ದೇಶಗಳಲ್ಲೂ. ನಾನಂತೂ ಹಾಗೇ ಪಾಠ ಮಾಡಿ ನಿವೃತ್ತನಾದೆ! ಅನಿಲದ ಒತ್ತಡಕ್ಕೂ ಗಾತ್ರಕ್ಕೂ ಇರುವ ನಿಯಮವನ್ನು ರಾಬರ್ಟ್ ಬಾಯ್ಲ್ ಅನ್ನುವ ವಿಜ್ಞಾನಿ 1662ರಲ್ಲೇ ಹೇಳಿದ್ದ. ಅದು ಯಾಕೆ ಹಾಗೆ ಅಂತ ಅಣುಗಳ ಓಡಾಟದಿಂದ ವಿವರಿಸುವ ಸಿದ್ಧಾಂತ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ನಿಯಮ ಏನಾಗುತ್ತದೆ ಅನ್ನುತ್ತದೆ, ಸಿದ್ಧಾಂತ ಯಾಕೆ ಅನ್ನುತ್ತದೆ. ಒಂದಕ್ಕೆ ಬಡ್ತಿ ಸಿಕ್ಕಿ ಇನ್ನೊಂದಾಗುವುದಿಲ್ಲ.

ಬಡ್ತಿ ಅಂದೆನಲ್ಲ, ನಮ್ಮ ತಲೆಯಲ್ಲಿ ಕೂತಿರುವುದು ಅದೇ. ಮನೆಯಲ್ಲಿ ಮಾತಿಗೂ ಮೆಟ್ಟಿಲಿತ್ತು. ಚಿಕ್ಕವರ ಮಾತು ಕೆಳಗೆ, ಎಲ್ಲರಿಗಿಂತ ಹಿರಿಯರ ಮಾತು ಮೇಲೆ, ಅದರಾಚೆ ಪ್ರಶ್ನೆ ಇಲ್ಲ. ಚಿಕ್ಕವಳಿದ್ದಾಗ ನೀನು "ಅದು ನಿಂಗೆ ಹೆಂಗೆ ಗೊತ್ತು?" ಅಂತ ಕೇಳಿದಾಗಲೆಲ್ಲ "ದೊಡ್ಡವರು ಹೇಳಿದ ಮೇಲೆ ಮುಗೀತು" ಅಂದವನು ನಾನೇ. ನೀನು ಹೆದರುತ್ತಿರುವುದು ನನಗೇ ಅಲ್ವಾ? ಬೇಜಾರಿಲ್ಲ, ಬಿಡು. ಸ್ವಲ್ಪ ಇದೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತು. ನೀರು ಕುದಿಯುವ ಪ್ರಯೋಗ. ಕೊನೆಯ ಬೆಂಚಿನ ಹುಡುಗನೊಬ್ಬ 97 ಅಂತ ಬರೆದಿದ್ದ. ಬೇರೆಯವರೆಲ್ಲ 100. "ಸರಿಯಾಗಿ ನೋಡಿದ್ದೀಯೇನೋ?" ಅಂದೆ. "ನೋಡಿದೆ ಸಾರ್, ಎರಡು ಸಲ" ಅಂದ. ನಾನು ಕೆಂಪು ಇಂಕಿನಲ್ಲಿ ಹೊಡೆದು ಹಾಕಿ 100 ಅಂತ ಬರೆದೆ. ಆ ಶಾಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿತ್ತು. ಅಷ್ಟು ಎತ್ತರದಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಥರ್ಮಾಮೀಟರ್ ನೋಡಿ ಬರೆದವನು ಅವನೊಬ್ಬನೇ, ಉಳಿದವರು ಪುಸ್ತಕ ನೋಡಿದ್ದರು. ನನಗೆ ಇದು ಹೊಳೆದದ್ದು ವರ್ಷಗಳಾದ ಮೇಲೆ, ಒಂದು ರಾತ್ರಿ, ಸುಮ್ನೆ ಮಲಗಿದ್ದಾಗ. ಅವನ ಹೆಸರೂ ನೆನಪಿಲ್ಲ.

ಹಾಗಾಗಿ ನಿನ್ನ ಭಯ ಸುಳ್ಳು ಅಂತ ನಾನು ಹೇಳಲಾರೆ. ಬೆಳೆದ ರೀತಿ ಪಾಠದೊಳಗೆ ಬಂದೇ ಬರುತ್ತದೆ, ಹೇಳಿಕೊಡದೆಯೂ ಬರುತ್ತದೆ. 1983ರಲ್ಲಿ ಡೇವಿಡ್ ಚೇಂಬರ್ಸ್ ಅನ್ನುವವರು ಒಂದು ಅಧ್ಯಯನ ಪ್ರಕಟಿಸಿದರು. 4,807 ಮಕ್ಕಳು ವಿಜ್ಞಾನಿಯ ಚಿತ್ರ ಬರೆದಿದ್ದರು. ಹೆಣ್ಣು ವಿಜ್ಞಾನಿ ಇದ್ದದ್ದು 28 ಚಿತ್ರಗಳಲ್ಲಿ, ಅಷ್ಟನ್ನೂ ಬರೆದವರು ಹುಡುಗಿಯರೇ. ಹಾಗೇ ಬರೆಯಿರಿ ಅಂತ ಆ ಮಕ್ಕಳಿಗೆ ಯಾರೂ ಪಾಠ ಮಾಡಿರಲಾರರು.

ದೊಡ್ಡವರನ್ನೂ ಇದು ಬಿಟ್ಟಿಲ್ಲ ಕಣೇ. ವಿಶ್ವ ಬದಲಾಗದೆ ನಿಂತಿದೆ ಅನ್ನುವುದು ಐನ್‌ಸ್ಟೈನ್ ಕಾಲದ ನಂಬಿಕೆ. ಅವರ ಸಮೀಕರಣ ಅದಕ್ಕೆ ಒಪ್ಪಲಿಲ್ಲ. 1917ರಲ್ಲಿ ಅವರು ಸಮೀಕರಣಕ್ಕೇ ಒಂದು ಪದ ಸೇರಿಸಿ ವಿಶ್ವವನ್ನು ನಿಲ್ಲಿಸಿದರು. ಅವರದೂ ಒಂಥರಾ ಕೆಂಪು ಇಂಕೇ! ಹತ್ತು ವರ್ಷದ ಮೇಲೆ, ಇಲ್ಲ, ಹಿಗ್ಗುತ್ತಿದೆ ಅಂತ ಬರೆದ ಜಾರ್ಜ್ ಲಮೇತ್ರ ಯಾರು ಗೊತ್ತಾ? ಚರ್ಚಿನ ಪಾದ್ರಿ. ಅವರು ಪಾದ್ರಿಯಾಗಿಯೇ ಉಳಿದರು, ಲೆಕ್ಕದೊಳಗೆ ಮಾತ್ರ ಧರ್ಮವನ್ನು ತರಲಿಲ್ಲ. ಯಾವ ಮನೆಯಿಂದ ಬಂದವರು ಅಂತ ನೋಡಿ ಯಾರು ಎಡವುತ್ತಾರೆ ಅಂತ ಹೇಳಲಾಗದು. ನಿನ್ನ ಸಾಲು ಓದಿದ ಮೇಲೆ ನಾನು ಹಿಡಿದುಕೊಂಡಿರುವುದು ಇದೊಂದನ್ನೇ.

ಏನು ಮಾಡಬೇಕು ಅಂತ ಕೇಳಿದ್ದೀಯ. ನಾನೇ ಮಾಡದ್ದನ್ನು ಯಾವ ಬಾಯಲ್ಲಿ ಹೇಳಲಿ? ತಪ್ಪು ಅಂತ ಗೀಟು ಹಾಕುವ ಮೊದಲು "ಹೇಗೆ ನೋಡಿದೆ?" ಅಂತ ಕೇಳು, ಸಾಧ್ಯವಾದರೆ. ಸಿಲಬಸ್ ಮುಗಿಸುವ ಗಡಿಬಿಡಿಯಲ್ಲಿ ದಿನಾ ಆಗದು, ಗೊತ್ತು. ಮನೆಯಲ್ಲಿ ಬೇರೆ ಥರ ಹೇಳುತ್ತಾರೆ ಅಂತ ಮಗು ಅಂದರೆ ನಗಬೇಡ. ನಕ್ಕರೆ ಅದು ಮನೆಯನ್ನೂ ಬಿಡುವುದಿಲ್ಲ, ನಿನ್ನನ್ನೂ ನಂಬುವುದಿಲ್ಲ. ಇಷ್ಟೇ ನನಗೆ ತೋಚಿದ್ದು.

ಮತ್ತೆ ಆ ಸಾಲಿಗೇ ಬರುತ್ತೇನೆ. ನಿನ್ನ ವಯಸ್ಸಿನಲ್ಲಿ ನನಗೆ ಈ ಭಯ ಇರಲಿಲ್ಲ ಪುಟ್ಟಿ. ಇದ್ದಿದ್ದರೆ ಆ ಹುಡುಗನ ಪಕ್ಕ ನಿಂತು ಥರ್ಮಾಮೀಟರನ್ನು ನಾನೂ ಒಂದು ಸಲ ನೋಡುತ್ತಿದ್ದೆನೇನೋ.

ಮುಂದಿನ ವಾರ ಲ್ಯಾಬ್ ಇದೆ ಅಂದಿದ್ದೀಯಲ್ಲ. ಅಲ್ಲಿ ನೀರು ಎಷ್ಟಕ್ಕೆ ಕುದಿಯಿತು ಅಂತ ನನಗೊಂದು ಕಾಗದ ಹಾಕು. ಕಂಡಷ್ಟೇ ಬರಿ.

ಇಂತಿ,
ನಿನ್ನ ದೊಡ್ಡಪ್ಪ